ಕೊನೆಯ ನಾಲ್ಕು ಅಂಕಿ

ನಿಮ್ಮ ಗಾಡಿಯ ಚಾಸಿ ನಂಬರ್ ಎಲ್ಲಿದೆ ಎಂದು ಕೇಳಿದರೆ ನೂರರಲ್ಲಿ ತೊಂಬತ್ತು ಮಂದಿ ಹಿಂದಿನ ಪ್ಲೇಟಿನ ಕಡೆ ಕೈ ತೋರಿಸುತ್ತಾರೆ. ನನಗೆ ಮೈ ಉರಿಯುತ್ತದೆ. ಎರಡು ಸ್ಕ್ರೂ ಬಿಚ್ಚಿದರೆ ಆ ಪ್ಲೇಟು ಯಾವ ಗಾಡಿಗೆ ಬೇಕಾದರೂ ಕೂರುತ್ತದೆ ಸ್ವಾಮಿ. ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ ತಿರುಗಿಸಿ ಬಲಗಡೆಯಿಂದ ಬಗ್ಗಿ ನೋಡಿ. ಹ್ಯಾಂಡಲ್ ಬಂದು ಕೂರುವ ದಪ್ಪ ಕೊಳವೆಯ ಮೇಲೆ ಅಕ್ಷರ, ಅಂಕಿ ಸೇರಿ ಹದಿನೇಳನ್ನು ಕೊರೆದಿರುತ್ತಾರೆ. ಗಾಡಿಯ ನಿಜವಾದ ಹೆಸರು ಅದು. ಪಿರಿಯಾಪಟ್ಟಣದಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜು ಇಟ್ಟುಕೊಂಡಿರುವ ಈ ವಿರೂಪಾಕ್ಷ, ಅದನ್ನು ನೋಡದೆ ಒಂದು ಹಳೇ ಗಾಡಿಯನ್ನೂ ಕೊಂಡವನಲ್ಲ, ಯಾರಿಗೂ ಕೊಡಿಸಿದವನಲ್ಲ. ಹುಣಸೂರಿನ ಆರ್‌ಟಿಓ ಏಜೆಂಟರು ಆ ನಂಬರಿನ ಮೇಲೆ ಹಾಳೆ ಇಟ್ಟು ತಿಕ್ಕಿ ತೆಗೆಯುವ ಪೆನ್ಸಿಲ್ ಪ್ರಿಂಟ್ ಬೇಕಾದಾಗ ನನ್ನ ಹತ್ತಿರವೇ ಗಾಡಿ ಕಳಿಸುತ್ತಾರೆ.

ಇಷ್ಟೆಲ್ಲ ಜಂಬ ಕೊಚ್ಚಿಕೊಳ್ಳುವ ನಾನು ಒಂದೇ ಒಂದು ಸಲ ನಂಬರ್ ನೋಡದೆ ಒಂದು ಗಾಡಿಯನ್ನು ಗುರುತು ಹಿಡಿದೆ. ಅದಕ್ಕೇ ಇದನ್ನು ಹೇಳುತ್ತಿರುವುದು.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಾ ಬಂದಿತ್ತು. ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ಬೇಲ್ ಹೊರುತ್ತಿದ್ದ ಸಿದ್ದರಾಜು ಒಂದು ಗುರುವಾರ ಸಂಜೆ ಕೆಲಸ ಮುಗಿಸಿ ಊರಿಗೆ ಹೊರಟವನು ಮನೆ ಸೇರಲಿಲ್ಲ. ಅವನ ಕೆಂಪು ಬೈಕ್ ನನ್ನ ಗ್ಯಾರೇಜಿನದೇ ಗಿರಾಕಿ. ಹಿಂದಿನ ಮಡ್‌ಗಾರ್ಡಿನ ಮೇಲೆ 'ಅವ್ವನ ಆಶೀರ್ವಾದ' ಎಂದು ಹಳದಿ ಅಕ್ಷರದ ಸ್ಟಿಕರ್ ಅಂಟಿಸಿದವನೂ ನಾನೇ. ಅವನ ಊರಿನ ದಾರಿಯಲ್ಲಿ ದೊಡ್ಡಕೆರೆ ಏರಿಯ ಮೇಲೆ ಒಂದು ತಿರುವಿದೆ. ಆ ತಿರುವಿನ ಅಂಚಿನ ಕಲ್ಲು ಕಿತ್ತುಬಂದಿದೆ ಎಂದು ಯಾರೋ ಹೇಳಿದ್ದರಿಂದ, ಆರನೇ ದಿನ ಬೆಳಗ್ಗೆ ದೋಣಿ ತಂದು ಕೆರೆಯಲ್ಲಿ ಹುಡುಕುವುದೆಂದು ಪೊಲೀಸರು ಗೊತ್ತುಮಾಡಿದ್ದರು.

ಐದನೇ ದಿನ ನಾನು ಸಾಮಾನು ತರಲು ಕುಶಾಲನಗರದ ಬಸ್ಸು ಹತ್ತಿದ್ದೆ. ಬೈಲಕುಪ್ಪೆಯ ಹತ್ತಿರ ಲಾಮಾಗಳು ರಸ್ತೆ ದಾಟುತ್ತಿದ್ದರೆಂದು ಬಸ್ಸು ನಿಂತಿತು. ಕಿಟಕಿಯ ಆಚೆ ಒಂದು ಕೆಂಪು ಬೈಕ್ ಟಿಬೆಟನ್ ಕ್ಯಾಂಪಿನ ರಸ್ತೆಗೆ ತಿರುಗಿತು. ಮಡ್‌ಗಾರ್ಡಿನ ಮೇಲೆ ನನ್ನ ಹಳದಿ ಸ್ಟಿಕರ್. ಓಡಿಸುತ್ತಿದ್ದವನ ತಲೆಗೆ ಹೆಲ್ಮೆಟ್ ಇತ್ತು, ಹಿಂದೆ ಒಬ್ಬ ಹೆಂಗಸು ಕೂತಿದ್ದಳು. ನಾನು ನೋಡಿದ್ದು ಇಷ್ಟೇ.

ಊರಿಗೆ ಬಂದವನು ಬಾಯಿ ಮುಚ್ಚಿಕೊಂಡು ಇರಬಾರದಿತ್ತೇ? ಟೀ ಅಂಗಡಿಯಲ್ಲಿ ಕೂತು, ಸಿದ್ದರಾಜು ಬೈಲಕುಪ್ಪೆಯಲ್ಲಿ ಯಾವಳನ್ನೋ ಕೂರಿಸಿಕೊಂಡು ಓಡಾಡುತ್ತಿದ್ದಾನೆ ಎಂದೆ. ಎರಡನೇ ಸಲ ಹೇಳುವಾಗ ಆ ಹೆಂಗಸಿಗೆ ಹಸಿರು ಸೀರೆ ಉಡಿಸಿದೆ. ಮೂರನೇ ಸಲ ಅವನು ತಿರುಗಿ ನನ್ನನ್ನು ನೋಡಿ ನಕ್ಕ ಎಂದೂ ಸೇರಿಸಿದೆ. ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರೆ ಹೇಳುವವನಿಗೆ ಕೊಬ್ಬು ಬರುತ್ತದೆ. ಸಂಜೆಯ ಹೊತ್ತಿಗೆ ಸ್ಟೇಷನ್ನಿನಿಂದ ಕರೆ ಬಂತು. ಕಾನ್‌ಸ್ಟೇಬಲ್ ನಂಜುಂಡೇಶ್ ಬರೆದುಕೊಂಡ, ನಾನು ಸಹಿ ಹಾಕಿದೆ. ಮಾರನೆಯ ದಿನ ದೋಣಿ ಬರಲಿಲ್ಲ.

ಸಿದ್ದರಾಜುವಿನ ಹೆಂಡತಿ ಉಷಾರಾಣಿ ವಾರದ ಮೇಲೆ ಗ್ಯಾರೇಜಿಗೆ ಬಂದಳು. ಬಾಗಿಲ ಆಚೆಯೇ ನಿಂತು, ಖಂಡಿತ ಅದೇ ಗಾಡಿಯೇ ಅಣ್ಣ ಎಂದು ಕೇಳಿದಳು. ನನಗೆ ಸಿಟ್ಟು ಬಂತು. ನನ್ನ ಕಸುಬನ್ನೇ ಅನುಮಾನಿಸುತ್ತಾಳಲ್ಲ ಎಂದು.

"ನನ್ ಕೈಯಾರೆ ಅಂಟ್ಸಿರೋ ಸ್ಟಿಕರ್ ಕಣಮ್ಮ. ನಂಗೆ ಗೊತ್ತಾಗಲ್ವಾ?" ಎಂದೆ.

ಅದೇ ಸ್ಟಿಕರನ್ನು ಆ ವರ್ಷ ಇನ್ನೂ ಆರೇಳು ಗಾಡಿಗೆ ಅಂಟಿಸಿದ್ದೆ. ಅದು ನನಗೆ ಅವತ್ತು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಆದರೆ ಅಷ್ಟು ಹೊತ್ತಿಗೆ ಹಸಿರು ಸೀರೆಯನ್ನು ನಾನೇ ನಂಬಿಬಿಟ್ಟಿದ್ದೆ.

ಆಮೇಲೆ ಅವಳ ಪಾಡು ನಾಯಿಪಾಡು. ಗಂಡನನ್ನು ಮನೆಯಲ್ಲಿ ಇಟ್ಟುಕೊಳ್ಳಲಾಗದ ಹೆಂಗಸು ಎಂದು ಊರೆಲ್ಲ ಆಡಿಕೊಂಡಿತು. ಅತ್ತೆ ಶಿವರುದ್ರಮ್ಮ, ನನ್ನ ಮಗನನ್ನು ಮನೆ ಬಿಡಿಸಿದವಳು ನೀನೇ ಎಂದು ಸೊಸೆಯ ಕೈಯಲ್ಲಿ ಊಟ ಮಾಡುವುದನ್ನು ಬಿಟ್ಟಿತು. ಅವಳು ಅಂಗನವಾಡಿಯಲ್ಲಿ ಸಹಾಯಕಿಯ ಕೆಲಸಕ್ಕೆ ಸೇರಿ ಆ ಮುದುಕಿಯನ್ನೇ ಸಾಕಿದಳು. ಹೋದ ವರ್ಷ ಶಿವರುದ್ರಮ್ಮ ತೀರಿಕೊಂಡಿತು.

ಈ ಬೇಸಿಗೆಯಲ್ಲಿ ದೊಡ್ಡಕೆರೆ ಬತ್ತಿತು. ಹೂಳೆತ್ತುತ್ತಿದ್ದ ಜೆಸಿಬಿಯ ಹಲ್ಲಿಗೆ ಏರಿಯ ಬುಡದಲ್ಲಿ ಒಂದು ಬೈಕ್ ಸಿಕ್ಕಿತು. ಪ್ಲೇಟು ಇಲ್ಲ, ಮಡ್‌ಗಾರ್ಡ್ ಇಲ್ಲ, ಬಣ್ಣ ಯಾವುದೆಂದು ಹೇಳುವಂತಿಲ್ಲ. ಎಂಜಿನ್ ನಂಬರ್ ಇರುವ ಜಾಗ ಸುಣ್ಣದ ಹಾಗೆ ಉದುರುತ್ತಿತ್ತು. ಯಾರೋ ಕದ್ದ ಗಾಡಿಯನ್ನು ಎಸೆದಿರಬಹುದು, ಚಾಸಿ ನಂಬರ್ ಸಿಕ್ಕರೆ ತೆಗೆದುಕೊಡು ಎಂದು ನಂಜುಂಡೇಶ್ ಫೋನ್ ಮಾಡಿದ. ನಾನು ಡೀಸೆಲ್, ತಂತಿ ಬ್ರಷ್, ತುಕ್ಕು ಉಜ್ಜುವ ವಾಟರ್ ಪೇಪರ್, ಪೆನ್ಸಿಲ್, ಹಾಳೆ ಎಲ್ಲ ಚೀಲಕ್ಕೆ ತುಂಬಿಕೊಂಡು ಹೋದೆ.

ಉಷಾರಾಣಿ ನನಗಿಂತ ಮೊದಲೇ ಬಂದು ಏರಿಯ ಇಳಿಜಾರಿನಲ್ಲಿ ನಿಂತಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಗಂಡನ ಗಾಡಿಯ ಆರ್‌ಸಿ ಕಾರ್ಡು. ಅವಳು ಆಗ ದೇವರಲ್ಲಿ ಏನು ಬೇಡಿಕೊಳ್ಳುತ್ತಿದ್ದಳೋ ನನಗೆ ಗೊತ್ತಿಲ್ಲ. ನಂಬರ್ ಹೊಂದಿದರೆ ಗಂಡ ಸತ್ತಿದ್ದಾನೆ, ಅವಳನ್ನು ಬಿಟ್ಟು ಓಡಿಹೋದವನಲ್ಲ. ಹೊಂದದಿದ್ದರೆ ಅವನು ಎಲ್ಲೋ ಬದುಕಿದ್ದಾನೆ, ಅವಳು ಬಿಟ್ಟ ಹೆಂಡತಿಯಾಗಿಯೇ ಉಳಿಯುತ್ತಾಳೆ.

ನನಗೆ ಮಾತ್ರ ನಂಬರ್ ಬೇಕೇ ಇರಲಿಲ್ಲ. ಕೆಸರು ಒರೆಸಿದ ಕೂಡಲೇ ಲೆಗ್‌ಗಾರ್ಡಿನ ಎಡಗಡೆ ಒಂದು ವಕ್ರ ವೆಲ್ಡಿಂಗ್ ಕಂಡಿತು. ರಾಡು ಸಣ್ಣದಾಯಿತೆಂದು ಬೈದುಕೊಂಡು ಸಿದ್ದರಾಜುವಿನ ಗಾಡಿಗೆ ನಾನೇ ಎರಡು ಸಲ ಹಾಕಿದ್ದ ಬೆಸುಗೆ. ಆದರೂ ಏನೂ ಕಾಣದವನ ಹಾಗೆ ಹ್ಯಾಂಡಲ್ ಕಡೆ ಹೋದೆ. ಅದು ತಿರುಗಲಿಲ್ಲ. ಡೀಸೆಲ್ ಬಿಟ್ಟು, ಸುತ್ತಿಗೆಯಿಂದ ತಟ್ಟಿ, ಅರ್ಧ ಗಂಟೆ ಗುದ್ದಾಡಿದ ಮೇಲೆ ಕೊಳವೆ ಕಂಡಿತು. ಬ್ರಷ್ ಹಾಕಿದೆ, ವಾಟರ್ ಪೇಪರ್ ತಿಕ್ಕಿದೆ. ಮೊದಲ ಹದಿಮೂರು ಬಂದವು. ಅವು ಆ ಕಂಪನಿಯ ಆ ವರ್ಷದ ಎಷ್ಟೋ ಗಾಡಿಗಳಿಗೆ ಒಂದೇ ಆಗಿರುತ್ತವೆ. ಗಾಡಿ ಯಾರದೆಂದು ಹೇಳುವುದು ಕೊನೆಯ ನಾಲ್ಕು.

ಆ ನಾಲ್ಕರ ಮೇಲೆ ತುಕ್ಕಿನ ಹಕ್ಕಳೆ ಕೂತಿತ್ತು. ನಾನು ಅದನ್ನು ಉಗುರಿನಿಂದ ಎಬ್ಬಿಸಿದೆ. ಕೆಳಗೆ ಅಂಕಿಗಳಿದ್ದವು, ಕಣ್ಣಿಗೆ ಅರೆಬರೆ ಕಂಡವು. ಹಾಳೆ ಇಟ್ಟು ಪೆನ್ಸಿಲನ್ನು ಬೇಕೆಂದೇ ಒತ್ತಿ ತಿಕ್ಕಿದೆ. ಒತ್ತಿ ತಿಕ್ಕಿದರೆ ಎಲ್ಲವೂ ಕಪ್ಪಾಗುತ್ತದೆ, ಅಂಕಿ ಏಳುವುದಿಲ್ಲ. ಇದು ನನ್ನ ಗ್ಯಾರೇಜಿಗೆ ಬರುವ ಕಲಿಕೆಯವನಿಗೂ ಗೊತ್ತು.

ಕೊನೆಯ ನಾಲ್ಕನ್ನು ತುಕ್ಕು ತಿಂದುಬಿಟ್ಟಿದೆ, ಬರುವುದಿಲ್ಲ ಎಂದೆ. ಹೌದು, ನಾನೇ ಹಾಗೆ ಹೇಳಿದೆ. ಆ ಕ್ಷಣದಲ್ಲಿ ನನ್ನ ಕಣ್ಣಮುಂದೆ ಇದ್ದದ್ದು ಸ್ಟೇಷನ್ನಿನ ಕಾಗದದ ಮೇಲಿನ ನನ್ನ ಸಹಿ.

ನಂಜುಂಡೇಶನಿಗೂ ಬಿಸಿಲು ಸಾಕಾಗಿತ್ತು. "ಕಾಣ್ದಿದ್ರೆ ಕಾಣಲ್ಲ ಅಂತ ಬರ್ಕೊತೀನಿ ಬುಡು" ಎಂದು ಪೆನ್ನು ತೆಗೆದ.

ಆಗ ಉಷಾರಾಣಿ ಕೆಳಗಿಳಿದು ಬಂದಳು. ಸೀರೆಯ ನೆರಿಗೆ ಕೆಸರಿಗೆ ಬಿದ್ದರೂ ನೋಡಲಿಲ್ಲ. ನಾನು ಕಪ್ಪು ಮಾಡಿದ್ದ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅಂಗನವಾಡಿಯ ಮಕ್ಕಳು ಪೇಪರಿನ ಅಡಿ ನಾಣ್ಯ ಇಟ್ಟು ಪೆನ್ಸಿಲ್ ತಿಕ್ಕಿ ಚಿತ್ರ ತೆಗೆಯುತ್ತಾರಂತೆ, ಒತ್ತಿದವರದು ಬರುವುದಿಲ್ಲವಂತೆ. ಇನ್ನೊಂದು ಹಾಳೆ ಕೊಡಿ ಎಂದಳು. ಕೊಡದೆ ಏನು ಮಾಡಲಿ? ಕೊಟ್ಟೆ.

ಅವಳು ಕೊಳವೆಯ ಪಕ್ಕ ಮಂಡಿಯೂರಿ ಕೂತಳು. ಸೆರಗಿನಿಂದ ಆ ಜಾಗವನ್ನು ಒರೆಸಿ, ಹಾಳೆ ಇಟ್ಟು, ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಆಡಿಸಿದಳು. ಕಪ್ಪಿನ ಒಳಗಿನಿಂದ ಬಿಳಿಯ ಗೆರೆಗಳು ಎದ್ದವು. ಏಳು. ಸೊನ್ನೆ. ನಾಲ್ಕು. ಮತ್ತೆ ನಾಲ್ಕು. ಕವರಿನಿಂದ ಆರ್‌ಸಿ ಕಾರ್ಡು ತೆಗೆದು ಪಕ್ಕದಲ್ಲಿ ಇಟ್ಟುಕೊಂಡು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ನೋಡಿದಳು. ಹದಿನೇಳೂ ಹೊಂದಿದವು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಎಷ್ಟೋ ವಾಸಿಯಾಗಿತ್ತು. ಕೂತಲ್ಲಿಂದಲೇ ನನ್ನ ಕಡೆ ತಿರುಗಿದಳು.

"ಅಣ್ಣ, ಬೈಲಕುಪ್ಪೇಲಿ ನೀವು ನೋಡಿದ್ ಗಾಡಿ ಯಾವ್ದು?"

ಜೆಸಿಬಿಯವನು ಎಂಜಿನ್ ಆರಿಸಿದ್ದ. ಏರಿಯ ಮೇಲೆ ಊರಿನ ಹತ್ತಿಪ್ಪತ್ತು ಜನ ನಿಂತಿದ್ದರು. ಮೂರು ವರ್ಷದ ಹಿಂದೆ ಟೀ ಅಂಗಡಿಯಲ್ಲಿ ನನ್ನ ಮಾತು ಕೇಳಿದವರೂ ಅವರಲ್ಲಿ ಇದ್ದರು.

"ಗೊತ್ತಿಲ್ಲ ಕಣಮ್ಮ. ನಾನು ಸ್ಟಿಕರ್ ನೋಡ್ದೆ. ನಂಬರ್ ನೋಡ್ಲಿಲ್ಲ" ಎಂದೆ. "ಮುಖಾನೂ ನೋಡ್ಲಿಲ್ಲ. ಸೀರೆ ನೋಡ್ಲಿಲ್ಲ. ಎಲ್ಲಾ ನಾನೇ ಸೇರ್ಸಿ ಹೇಳ್ದೆ."

ನಂಜುಂಡೇಶ್ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದ. ಅವನು ಕಪಾಳಕ್ಕೆ ಬಾರಿಸಿದ್ದರೆ ಬೇಡ ಅನ್ನುತ್ತಿರಲಿಲ್ಲ. ಅವನು ಜೆಸಿಬಿಯವನಿಗೆ, ಇನ್ನು ಬಕೆಟ್ ಹಾಕಬೇಡ, ಇಲ್ಲಿಂದ ಕೈಯಲ್ಲೇ ಕೆದಕಬೇಕು ಎಂದು ಹೇಳಿದ. ಯಾಕೆಂದು ಅಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ನಾಲ್ಕು ಜನ ಸಲಿಕೆ ಹಿಡಿದು ಕೆಳಗಿಳಿದರು. ನಾನೂ ಹೂಳಿಗೆ ಕೈ ಹಾಕಿದೆ. ಬೇಡ ಅಂತಲೂ ಬಾ ಅಂತಲೂ ಯಾರೂ ಹೇಳಲಿಲ್ಲ.

ಉಷಾರಾಣಿ ಪ್ರಿಂಟಿನ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತಳು. ಬೈಯಲಿ, ಉಗಿಯಲಿ ಎಂದು ನಾನು ತಲೆ ತಗ್ಗಿಸಿದೆ. ಅವಳ ದನಿ ಏರಲಿಲ್ಲ.

"ನಮ್ಮತ್ತೆ ಸಾಯೋ ದಿನಾನೂ ನನ್ ಕೈಲಿ ನೀರು ಕುಡೀಲಿಲ್ಲ. ಪಕ್ಕದ್ ಮನೆ ಸುನಂದಮ್ಮನ್ನ ಕರ್ಸಿ ಕುಡೀತು" ಎಂದಳು. "ಈಗ ಇದ ನಾನ್ ಯಾರ್ಗೆ ತೋರಿಸ್ಲಿ ಅಣ್ಣ?"

ನಂಜುಂಡೇಶ್ ಸಹಿ ಹಾಕಲು ಅವಳನ್ನು ಕರೆದ. ಅವಳು ಹಾಳೆಯನ್ನು ಮಡಚದೆ ಆರ್‌ಸಿ ಕಾರ್ಡಿನ ಕವರಿನೊಳಗೆ ಇಟ್ಟುಕೊಂಡು ಹೋದಳು.