ಮೂರು ಸಲ ಶುರುವಾದ ಆಟ

ಅಂತರಸಂತೆಯ ಟೆಂಟ್ ಸಿನಿಮಾದಲ್ಲಿ ಚಿಕ್ಕಬೀರಮ್ಮ ಕೈಯೆತ್ತದೆ ಒಂದಾಟವೂ ಶುರುವಾಗುತ್ತಿರಲಿಲ್ಲವಂತೆ. ಎತ್ತಿದರೆ ಕಾಡಿನ ಆನೆಗಳೂ ಘೀಳಿಡುವುದು ಬಿಟ್ಟು ಕೂರುತ್ತಿದ್ದವಂತೆ. ಹೀಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಕೇಳಿದವರು ನಕ್ಕರೆ, "ಆನೆ ಮಾತು ಸುಳ್ಳು ಕಣ್ರವ್ವ, ಕೈ ಮಾತು ದಿಟ" ಎಂದು ಅರ್ಧಕ್ಕೆ ಒಪ್ಪಿಕೊಳ್ಳುತ್ತಿದ್ದಳು.

ಕೈ ಮಾತು ದಿಟವೇ. ಇಪ್ಪತ್ತೆರಡು ವರ್ಷದಿಂದ ಹೆಂಗಸರ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಅವಳದು. ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಸುತ್ತಲ ಹಳ್ಳಿಗಳಿಂದ ನಡೆದು ಬರುವ ಕೊನೆಯ ಹೆಂಗಸು ಮರಳ ಮೇಲೆ ಕೂತ ಮೇಲೆಯೇ ಅವಳು ಕೈಯೆತ್ತುವುದು, ಮಿಷಿನ್ ಮನೆಯಿಂದ ಆಪರೇಟರ್ ಕರಿಯಯ್ಯ ಬೆಳಕು ಬಿಡುವುದು. ಒಮ್ಮೆ ರೀಲು ಓಡಿತೆಂದರೆ ಆಮೇಲೆ ಯಾರು ಬಂದರೂ ಅದನ್ನು ಹಿಂದಕ್ಕೆ ಸುತ್ತುತ್ತಿರಲಿಲ್ಲ.

ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಬೆಟ್ಟಸ್ವಾಮಿ ಬಸ್ ಸ್ಟ್ಯಾಂಡ್ ಪಕ್ಕ ಸೀಡಿ ಬಾಡಿಗೆಯ ಅಂಗಡಿ ಇಟ್ಟ. ಆರು ತಿಂಗಳಲ್ಲಿ ಟೆಂಟಿನೊಳಗೆ ಹೆಂಗಸರಿಗಿಂತ ನಾಯಿಗಳೇ ಹೆಚ್ಚಾದವು. ಮಾಲೀಕ ನಂಜಯ್ಯ ಜನರೇಟರ್ ಮಾರಿ, ಸೀಡಿ ಹಾಕಿ ಪರದೆಗೆ ಬೆಳಕು ಬಿಡುವ ಪೆಟ್ಟಿಗೆಯೊಂದನ್ನು ಮೈಸೂರಿನಿಂದ ತಂದ.

"ಭಾನ್ವಾರ ಟೆಂಟ್ ತುಂಬುದ್ರೆ ನಡೀತದೆ, ಬೀರಕ್ಕ. ಇಲ್ದಿದ್ರೆ ಸೋಮ್ವಾರ ಗೂಟ ಕೀಳುಸ್ತೀನಿ. ನಿನ್ ಬಾಗ್ಲೂ ಅಷ್ಟೆಯ."

ಮನೆಯಲ್ಲಿ ಅವಳನ್ನು ಕಾಯುವವರು ಯಾರೂ ಇರಲಿಲ್ಲ. ಅವಳಿಂದ ಬೈಸಿಕೊಂಡು ನಗುವ ಹೆಂಗಸರೆಲ್ಲ ಸಿಗುತ್ತಿದ್ದುದು ಆ ಬಾಗಿಲಲ್ಲೇ. ಭಾನುವಾರದ ಆಟಕ್ಕೆ ಕರೆಯಲು ಸಂತೆಗೆ ಓಡಿದಳು.

"ಹಸ ಕರೀಬೇಕು ಕಣಕ್ಕ, ಒತ್ತಾಯ್ತದೆ" ಎಂದಳು ಸೊಪ್ಪು ಮಾರುವ ಪುಟ್ಟಲಕ್ಷ್ಮಿ.

"ನಿಧಾನ್ಕೆ ಬಾರವ್ವ, ಮಾರಾಣಿ! ಇದು ರೀಲಲ್ಲ. ನೀನ್ ಬಂದ್ ಮ್ಯಾಕೆ ಮೊದ್ಲಿಂದ ಆಕುಸ್ತೀನಿ."

ಅದೇ ಮಾತನ್ನು ಸಂತೆಯ ಹೆಂಗಸರಿಗೆಲ್ಲ ಹಂಚಿದಳು.

ಭಾನುವಾರ ಆರೂವರೆಗೆ ಆಟ ಶುರುವಾಯಿತು. ಏಳಕ್ಕೆ ಗುಂಪೊಂದು ಬಂತು. ಕೊಟ್ಟ ಮಾತು, ಚಿಕ್ಕಬೀರಮ್ಮ ಕೈಯೆತ್ತಿದಳು. ಜನ ಕಂಡು ಹಿಗ್ಗಿದ್ದ ನಂಜಯ್ಯ ಗುಂಡಿ ಒತ್ತಿದ, ಸಿನಿಮಾ ಮೊದಲಿಂದ ಬಂತು. ಗೋಣಿ ಹೊದಿಸಿದ ಹಳೆ ಮಿಷಿನ್ ಪಕ್ಕ ಕೂತಿದ್ದ ಕರಿಯಯ್ಯ ಎದ್ದು ಬಂದ.

"ಬೀರಕ್ಕ, ದಿನಾ ಒಂಬತ್ಗೆ ಕರೆಂಟ್ ಓಯ್ತದೆ, ಜನರೇಟ್ರೂ ಇಲ್ಲ. ಗ್ಯಾನ ಅದಾ?"

"ನಿನ್ ಮಿಸಿನ್ ಮೂಲೆ ಸೇರ್ತು ಅಂತ ವಟ್ಟೆಯುರಿ ಕಣ್ಲಾ ನಿಂಗೆ."

ಏಳೂವರೆಗೆ ಪುಟ್ಟಲಕ್ಷ್ಮಿ ಕೇರಿಯನ್ನೇ ಕಟ್ಟಿಕೊಂಡು ಬಂದಳು. ಮತ್ತೆ ಮೊದಲಿಂದ.

"ಇದೇ ಮದ್ವೆ ಮೂರ್ ಸಲ ನೋಡ್ದೊ, ಬೀರಮ್ಮ! ಊಟ ಯಾವಾಗ?" ಎಂದು ಗಂಡಸರ ಕಡೆಯಿಂದ ಕೂಗು. ಟೆಂಟೆಲ್ಲ ನಕ್ಕಿತು. ಅವಳೂ ನಕ್ಕಳು. ತುಂಬಿದ ಟೆಂಟು ನೋಡಿ ಎಷ್ಟು ದಿನವಾಗಿತ್ತು!

ಪರದೆಯ ಮೇಲೆ ಮದುವೆಯಾದ ಹುಡುಗಿಯನ್ನು ಅತ್ತೆ ಕೋಣೆಯಲ್ಲಿ ಕೂಡಿಹಾಕಿದಳು. ಅಣ್ಣ ಊರೂರು ಹುಡುಕಿ ಆ ಮನೆಯ ಕದ ತಟ್ಟಿದ. ಕರೆಂಟ್ ಹೋಯಿತು.

ಕತ್ತಲಲ್ಲಿ ಅರ್ಧ ಗಂಟೆ ಕಾದರು. ಮಕ್ಕಳು ಅತ್ತವು. ಒಬ್ಬೊಬ್ಬರೇ ಎದ್ದರು.

"ಕೊನೇಗೇನಾಯ್ತದಕ್ಕ? ಆ ಎಣ್ ಮಗ ಬದುಕ್ತಾಳಾ?" ಎಂದು ಬಾಗಿಲಲ್ಲಿ ಹೆಂಗಸರು ಕೇಳಿದರು. ಮೊದಲಾದರೆ ವಾರದೊಳಗೆ ಅವಳಿಗೆ ಸಿನಿಮಾ ಬಾಯಿಪಾಠವಾಗಿರುತ್ತಿತ್ತು. ಈಗ ಅವಳಿಗೂ ಗೊತ್ತಿರಲಿಲ್ಲ.

ಸೋಮವಾರ ಆ ಕೊನೆ ನೋಡಲೆಂದು ಊರಿಗೂರೇ ಬೆಟ್ಟಸ್ವಾಮಿಯ ಅಂಗಡಿ ಮುಂದೆ ನಿಂತಿತ್ತು. ಯಾವತ್ತೂ ಸೀಡಿ ಮುಟ್ಟದವರೂ ಅಲ್ಲಿದ್ದರು. "ತುಂಬುದ್ದೇನೋ ತುಂಬ್ತು. ಇನ್ ಯಾರ್ ಬಂದಾರು?" ಎಂದು ನಂಜಯ್ಯ ಮನೆಯೊಳಗೇ ಉಳಿದ. ಗೂಟ ಕೀಳುತ್ತಿದ್ದವನು ಕರಿಯಯ್ಯ ಒಬ್ಬನೇ. ಚಿಕ್ಕಬೀರಮ್ಮ ಹೋಗಿ ಹಗ್ಗ ಹಿಡಿದಳು.

"ಬಯ್ಯಲಾ, ಬಾಯ್ಗೇನ್ ಬಂದದೆ?"

"ಬಯ್ದ್ರೆ ಟೆಂಟ್ ನಿಂತ್ಕತದಾ?" ಎಂದ ಕರಿಯಯ್ಯ, ತಲೆಯೆತ್ತದೆ.

ಸಂಜೆ ಪುಟ್ಟಲಕ್ಷ್ಮಿ ಕರೆಯಲು ಬಂದಳು. "ಕೊನೆ ಸೀಡಿ ನಮ್ಮನೇಲದೆ ಕಣಕ್ಕ. ನಿನ್ ಬುಟ್ಟು ನೋಡ್ಬಾರ್ದು ಅಂತ ಇನ್ನೂ ಆಕಿಲ್ಲ. ಎಲ್ರೂ ಕುಂತವ್ರೆ, ಬಾ."

ಚಿಕ್ಕಬೀರಮ್ಮ ಅವಳ ಹಿಂದೆ ನಡೆದು ಹೊಸಿಲವರೆಗೂ ಬಂದಳು. ಒಳಗೆ ಇಪ್ಪತ್ತು ಹೆಂಗಸರು ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದರು, ಎಲ್ಲ ಅವಳ ಬಾಗಿಲಿಂದಲೇ ಹಾದು ಹೋಗುತ್ತಿದ್ದವರು. ಇಲ್ಲಿ ಟಿಕೆಟ್ ಹರಿಯುವವರು ಯಾರಿಗೂ ಬೇಕಿರಲಿಲ್ಲ. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

ಅವಳು ಒಳಗೆ ಹೋಗಿ ಕೂತಳೋ, ಬಂದ ದಾರಿಗೆ ತಿರುಗಿದಳೋ? ನೀವೇ ಹೇಳಿ, ನೋಡೋಣ.