ಹುರುಳಿ ಮೇಲೆ ಓಡಿದ ಕಾರು

ಲೈಸೆನ್ಸ್ ಕೈಗೆ ಬಂದು ವರ್ಷವಾದರೂ ಪ್ರಮೀಳಾ ತುಮಕೂರು ದಾಟಿ ಕಾರು ಓಡಿಸಿರಲಿಲ್ಲ. ಮುಂದಕ್ಕೆ ಹೋಗುವುದೇನೋ ಸರಿ, ರಿವರ್ಸ್ ಅಂದರೆ ಹೆದರಿ ಗಂಡನಿಗೇ ಸೀಟು ಬಿಟ್ಟುಕೊಡುತ್ತಿದ್ದಳು. ಆ ಭಾನುವಾರ ಕುಣಿಗಲ್‌ನ ನಾದಿನಿ ಮನೆಗೆ ಹೊರಟು ನಿಂತಾಗ, ಗಂಡ ಸಂತೋಷನಿಗೆ ಹಿರೇಹಳ್ಳಿಯ ಫ್ಯಾಕ್ಟರಿಯಿಂದ ಫೋನ್ ಬಂದು ಅವನು ಡ್ಯೂಟಿಗೆ ಓಡಿದ. ಅತ್ತೆ ಲಕ್ಷ್ಮೀದೇವಮ್ಮ ಮಾತ್ರ ಉಟ್ಟಿದ್ದ ರೇಷ್ಮೆ ಸೀರೆ ಬಿಚ್ಚಲು ಒಪ್ಪಲಿಲ್ಲ.

"ನೀನೇ ಓಡ್ಸು ಕಣೇ. ಸುತ್ತಾದ್ರೂ ಆಗ್ಲಿ, ಗುಬ್ಬಿ ಮೇಲೆ ನಿಧಾನಕ್ಕೆ ಹೋಗಾಣ. ನಮಗೇನ್ ಅರ್ಜೆಂಟು?"

ಗುಬ್ಬಿಯಲ್ಲಿ ಇಡ್ಲಿ ತಿಂದರು. ಹೋಟೆಲಿನವನ ಊರು, ಅವನ ಹೆಂಡತಿಯ ಊರು ಎಲ್ಲ ವಿಚಾರಿಸಿಕೊಂಡೇ ಅತ್ತೆ ಎದ್ದದ್ದು. ಅಲ್ಲಿಂದ ಒಳದಾರಿ. ಎರಡೂ ಕಡೆ ತೆಂಗಿನ ತೋಟ, ನಡುವೆ ರಾಗಿ ಕುಯ್ದ ಹೊಲ. ಪ್ರಮೀಳಾಳ ಭುಜ ಆಗಷ್ಟೇ ಸಡಿಲವಾಗಿತ್ತು. ಒಂದು ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದಳು. ರಸ್ತೆ ತುಂಬ ಒಣಗಿದ ಹುರುಳಿ ಗಿಡ ಹರಡಿತ್ತು.

"ಮೇಲೇ ಹತ್ಸಿ ಅಕ್ಕಾ, ಬನ್ನಿ!" ಬದಿಯಲ್ಲಿದ್ದ ಹೆಂಗಸೊಬ್ಬಳು ಕೈ ಬೀಸಿದಳು. ಅವಳು ಗಿರಿಯಮ್ಮ. ಚಕ್ರದ ಕೆಳಗೆ ಕಾಯಿ ಚಟಪಟ ಒಡೆದವು. ಆಚೆ ದಾಟಿದ್ದೇ ಗಿರಿಯಮ್ಮ ಹಿಂದೆಯೇ ಓಡಿ ಬಂದಳು. "ಒಂದ್ಸಲ ಹಿಂದಕ್ ಬಂದು ಹೋಗ್ರಕ್ಕಾ. ಬೆಳಗ್ಗಿಂದ ಬರೀ ಬೈಕೇ ಬಂದವೆ, ಕಾಳು ಬಿಡ್ತಾನೇ ಇಲ್ಲ."

"ನಂಗೆ ರಿವರ್ಸ್ ಬರಲ್ಲ," ಎಂದಳು ಪ್ರಮೀಳಾ, ನಾಚಿಕೊಂಡು.

ನಿನ್ನೆಯ ಹೊಟ್ಟನ್ನು ಬದಿಗೆ ಗುಡ್ಡೆ ಹಾಕುತ್ತಿದ್ದ, ಗಿರಿಯಮ್ಮನ ಗಂಡ ದೊಡ್ಡರಂಗಯ್ಯ ನಕ್ಕ. "ಇಲ್ಲೇ ಕಲೀರವ್ವ. ಗುದ್ದಿದ್ರೂ ಹೊಟ್ಟಿನ ಗುಡ್ಡೆಗೆ ತಾನೆ?"

ಲಕ್ಷ್ಮೀದೇವಮ್ಮ ಆಗಲೇ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ರಸ್ತೆ ಬದಿ ನಿಂತಿದ್ದರು. "ಬಾ, ಬಾ, ರೈಟ್, ರೈಟ್!" ಮೊದಲ ಸಲ ಕಾರು ಸೊಟ್ಟಗೆ ಹೋಗಿ ಗುಡ್ಡೆಯೊಳಗೆ ಹಿಂಬದಿ ಹೂತು ನಿಂತಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪ್ರಮೀಳಾ ಕೂಡ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದಳು. ನಕ್ಕ ಮೇಲೆ ಅದೇಕೋ ಹೆದರಿಕೆ ಇರಲಿಲ್ಲ. ಮತ್ತೆ ಮುಂದೆ, ಮತ್ತೆ ಹಿಂದೆ. ಗಿರಿಯಮ್ಮ ಗಿಡ ಮಗುಚಿ ಹಾಕುತ್ತಿದ್ದಳು, ಇವಳು ತುಳಿಸುತ್ತಿದ್ದಳು. ಕೊನೆಗೆ ಕನ್ನಡಿ ನೋಡಿಕೊಂಡು ನೂಲು ಹಿಡಿದ ಹಾಗೆ ನೆಟ್ಟಗೆ ಹಿಂದಕ್ಕೆ ಬಂದಾಗ ಅತ್ತೆ "ಭಲೇ!" ಎಂದು ಕೂಗಿದರು.

ಊಟ ಮಾಡದೆ ಹೊರಡಲು ಗಿರಿಯಮ್ಮ ಬಿಡಲಿಲ್ಲ. ಹೊಂಗೆಮರದ ಕೆಳಗೆ ಮುದ್ದೆ, ಅವರೆಕಾಳಿನ ಸಾರು. ನಾದಿನಿ ಉಮಾ ಫೋನ್ ಮಾಡಿ ಎಲ್ಲಿದ್ದೀರಿ ಎಂದರೆ ಅತ್ತೆ, "ಹುಳ್ಳಿ ಒಕ್ತಾ ಇದೀವಿ, ರಾತ್ರಿ ಊಟಕ್ಕೆ ಬರ್ತೀವಿ ಬುಡು," ಎಂದು ಇಟ್ಟುಬಿಟ್ಟರು. ದೊಡ್ಡರಂಗಯ್ಯ ಕಾರಿನಡಿ ಬಗ್ಗಿ, ಚಕ್ರಕ್ಕೆ ಸುತ್ತಿಕೊಂಡಿದ್ದ ಬಳ್ಳಿಯನ್ನೆಲ್ಲ ಎಳೆದು ತೆಗೆದ.

ಕುಣಿಗಲ್ ಕೆರೆ ಏರಿಗೆ ಬಂದಾಗ ಬಿಸಿಲು ಇಳಿದಿತ್ತು.

"ಇಲ್ಲೊಂಚೂರು ನಿಲ್ಸೇ," ಎಂದರು ಅತ್ತೆ. ನೀರಿನ ಗಾಳಿಗೆ ಮುಖವೊಡ್ಡಿ ಹೇಳಿದರು: "ಸಂತೋಷ ಓಡ್ಸಿದ್ರೆ ಎಲ್ಲೂ ನಿಲ್ಸಲ್ಲ ಕಣೇ. ನೆಟ್ಟಗೆ ಬಾಗ್ಲಿಗೆ ತಂದು ಇಳಿಸ್ತಾನೆ. ಇನ್ಮೇಲೆ ನಿನ್ ಜೊತೇನೇ ಬರೋದು ನಾನು."

ಪ್ರಮೀಳಾ ಎಂಜಿನ್ ಆಫ್ ಮಾಡಿ, ಅತ್ತೆಯ ಕಡೆಯ ಕಿಟಕಿಯನ್ನು ಪೂರಾ ಇಳಿಸಿದಳು.