ಮೊಳೆಗೆ ನೇತುಹಾಕಿದ ಕೀಲಿ

ಡ್ರೈವರಣ್ಣ ಗುಜರಿಯಿಂದ ಹುಡುಕಿ ತಂದ ಕಪ್ಪು ಪೆಟ್ಟಿಗೆಯನ್ನು ಗ್ಯಾರೇಜಿನ ಮೇಸ್ತ್ರಿ ಕಾರಿಗೆ ಜೋಡಿಸಿದ. ಕೀಲಿ ತಿರುಗಿಸಿದರೆ ದೀಪಗಳೆಲ್ಲ ಹೊತ್ತಿಕೊಂಡವು. ಇಂಜಿನ್ ಮಾತ್ರ ಮಿಸುಕಲಿಲ್ಲ.

ಆ ದೊಡ್ಡ ಕಾರನ್ನು ಇಪ್ಪತ್ತೆರಡು ವರ್ಷ ಧಣಿಗಾಗಿ ಓಡಿಸಿ, ಕಡೆಗೆ ಧಣಿಯ ಕೈಯಿಂದಲೇ ಪಡೆದವನು ಡ್ರೈವರಣ್ಣ. ಆನೆ ಸಾಕಿದ್ದಾನೆ ಎಂದು ಬೀದಿಯವರು ನಗುತ್ತಿದ್ದರು. ಹೆಂಡತಿಯ ಮೂತ್ರಪಿಂಡ ಕೆಟ್ಟು, ಎರಡು ದಿನಕ್ಕೊಮ್ಮೆ ದೂರದ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಬೇಕಾಗಿ ಬಂದಾಗ, ಆನೆಯ ಹಿಂದಿನ ಸೀಟೇ ಅವಳಿಗೆ ಹಾಸಿಗೆಯಾಯಿತು. ಈಗ ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆಗೆ ನೀರು ನುಗ್ಗಿ ಐದು ದಿನ. ಒಂದು ಸರದಿ ಪಕ್ಕದ ಮನೆಯವರ ಕಾರಿನಲ್ಲಿ ಸಾಗಿತು. ಇನ್ನೊಂದು ತಪ್ಪಿಯೇ ಹೋಯಿತು. ಅವಳ ಪಾದಗಳು ಬಾತು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಹೊಸ ಪೆಟ್ಟಿಗೆಯ ಬೆಲೆಗೆ ಇಂಥ ಹಳೆಯ ಕಾರು ಎರಡು ಬರುತ್ತಿದ್ದವು. ಬಾಡಿಗೆ ಗಾಡಿಗೆಂದು ಎತ್ತಿಟ್ಟ ದುಡ್ಡೂ ಈ ಗುಜರಿ ಪೆಟ್ಟಿಗೆಗೇ ಹೋಗಿತ್ತು. ಇಂದಿನ ಸರದಿ ಮೂರು ಗಂಟೆಗೆ.

“ಇದರ ಕೀಲಿ ಎಲ್ಲಣ್ಣ?” ಎಂದ ಮೇಸ್ತ್ರಿ.

“ನಿನ್ನ ಕೈಯಲ್ಲೇ ಇದೆಯಲ್ಲೋ.”

“ಇದು ನಿನ್ನ ಕಾರಿಂದು. ಪೆಟ್ಟಿಗೆ ಬೇರೆ ಕಾರಿಂದು. ಅದು ತನ್ನ ಕೀಲಿನ ಬಿಟ್ರೆ ಯಾರನ್ನೂ ನಂಬಲ್ಲ. ಮದುಮಗಳನ್ನ ಬಿಟ್ಟು ದಿಬ್ಬಣ ಮಾತ್ರ ಕರ್ಕೊಂಡು ಬಂದಿದ್ದೀಯಲ್ಲಪ್ಪ!”

ಗುಜರಿಯವನು ಫೋನಿನಲ್ಲಿ ಗೊಣಗಿದ. “ಕೀಲಿ ಕೇಳಿದ್ದಕ್ಕೆ ಆ ಕಾರು ಮಾರಿದ ಅಮ್ಮ ಮುಖದ ಮೇಲೆ ಬಾಗಿಲು ಹಾಕಿದ್ರು. ವಿಳಾಸ ಬೇಕಾದ್ರೆ ಹೇಳ್ತೀನಿ, ಬೈಸ್ಕೊಳ್ಳೋದು ನಿನ್ನ ಹಣೆಬರಹ.”

ಮೇಸ್ತ್ರಿಯ ಸ್ಕೂಟರ್ ಹತ್ತಿ ಡ್ರೈವರಣ್ಣ ಆ ಮನೆ ಮುಟ್ಟಿದಾಗ ಹನ್ನೆರಡು ದಾಟಿತ್ತು. ಬಾಗಿಲು ತೆರೆದವಳು ನರೆತ ಕೂದಲಿನ ಹೆಂಗಸು. ಬಾಗಿಲಿನ ಒಳಮಗ್ಗುಲ ಗೋಡೆಯಲ್ಲಿ, ಒಳಗೆ ಬಂದವನು ಕೈಯೆತ್ತಿ ಹಾಕುವ ಎತ್ತರದಲ್ಲಿ, ಮೊಳೆಗೆ ಕಾರಿನ ಕೀಲಿಯೊಂದು ದಾರದಲ್ಲಿ ನೇತಾಡುತ್ತಿತ್ತು. ಗೋಡೆಗೆಲ್ಲ ಹೊಸ ಸುಣ್ಣ. ಕೀಲಿಯ ಹಿಂದೆ ಮಾತ್ರ ಅಂಗೈಯಗಲ ಹಳೆಯ ಬಣ್ಣ ಉಳಿದಿತ್ತು.

ಅವನು ಹೆಂಡತಿಯ ಕಾಯಿಲೆಯಿಂದ ಹಿಡಿದು ಬಂದ ಕಾರಣವನ್ನೆಲ್ಲ ಹೇಳಿದ.

“ನನ್ನ ಮಗ ನೇತುಹಾಕಿದ್ದು ಅದು,” ಎಂದಳು ಆಕೆ. “ಊಟ ಬೇಡಮ್ಮ ಅಂತ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಕಾರು ಕೊಟ್ಟುಬಿಟ್ಟೆ. ಅದನ್ನ ಕೊಡಲ್ಲ. ಹೋಗಿ.”

ಅವನು ಮೆಟ್ಟಿಲಿಳಿದ. ದೇವರೇ, ಕೇಳಬಾರದ್ದನ್ನು ಕೇಳಿಸುತ್ತಿದ್ದೀಯಲ್ಲ ಎಂದುಕೊಳ್ಳುತ್ತ ಗೇಟಿನ ಬಳಿ ನಿಂತು ಮೇಸ್ತ್ರಿಗೆ ಫೋನು ಮಾಡಿದ.

“ಪೂರ್ತಿ ಕೀಲಿ ಯಾಕಣ್ಣ? ಅದರ ತಲೆಯೊಳಗೆ ಅಕ್ಕಿಕಾಳಿನಷ್ಟು ಗಾಜಿನ ಚೂರಿರುತ್ತೆ. ಪೆಟ್ಟಿಗೆ ಗುರುತು ಹಿಡಿಯೋದು ಅದನ್ನೇ. ಅಷ್ಟು ಸಾಕು.”

“ಮೊದಲೇ ಬೊಗಳೋಕೆ ಏನಾಗಿತ್ತು?”

“ಮಾರಿದ ಕಾರಿನ ಕೀಲಿ ಕೊಡಲ್ಲ ಅನ್ನೋರು ಇರ್ತಾರೆ ಅಂತ ನಂಗೇನು ಗೊತ್ತು?”

ಅವನು ಮತ್ತೆ ಬಾಗಿಲು ತಟ್ಟಿದ. “ಕೀಲಿ ನಿಮ್ಮ ಹತ್ತಿರವೇ ಇರಲಿ, ತಾಯಿ. ಒಳಗಿನ ಒಂದು ಚೂರು ಸಾಕು. ನಿಮ್ಮ ಕಣ್ಣೆದುರೇ ತೆಗೀತೀನಿ.”

ಬಾಗಿಲು ಮುಚ್ಚಲಿಲ್ಲ. “ನಿಮ್ಮ ಹೆಂಡತಿ ಈಗ ಏನು ಮಾಡ್ತಿದ್ದಾರೆ?”

“ಸೀರೆ ಉಟ್ಕೊಂಡು ಹೊಸ್ತಿಲಲ್ಲಿ ಕೂತಿದ್ದಾಳೆ. ಕಾರು ಬರುತ್ತೆ ಅಂತ ಹೇಳಿ ಬಂದಿದ್ದೀನಿ.”

ಆಕೆ ಮೊಳೆಯತ್ತ ಕೈಯೆತ್ತಿದಳು, ಇಳಿಸಿದಳು. ಮತ್ತೆ ಎತ್ತಿ, ಕೀಲಿಯನ್ನು ಮುಟ್ಟದೆ ದಾರ ಹಿಡಿದೇ ಬಿಡಿಸಿದಳು. ಅವನು ಚಾಕುವಿನ ಮೊನೆಯಿಂದ ಕೀಲಿಯ ತಲೆಯನ್ನು ಮೀಟುವಾಗ ಆಕೆ ಕೆಳಗೆ ಅಂಗೈ ಒಡ್ಡಿದಳು.

“ಇಷ್ಟೇನಾ?” ಎಂದಳು ಆಕೆ, ಅಂಗೈಗೆ ಬಿದ್ದ ಚೂರನ್ನು ನೋಡಿ.

“ಇಷ್ಟೇ, ತಾಯಿ.”

ಕೀಲಿಯ ತಲೆ ಮುಚ್ಚಿಸಿಕೊಂಡು, ಅದನ್ನು ಮತ್ತೆ ಮೊಳೆಗೆ ಹಾಕಿದಳು. “ಮೊದಲು ಸ್ವಲ್ಪ ಎಡಕ್ಕೆ ವಾಲಿತ್ತು,” ಎಂದು ಬೆರಳಿನಿಂದ ಹಾಗೆಯೇ ವಾಲಿಸಿದಳು.

ಗ್ಯಾರೇಜಿನಲ್ಲಿ ಮೇಸ್ತ್ರಿ ಆ ಚೂರನ್ನು ಕೀಲಿಕಿಂಡಿಯ ಪಕ್ಕ ಟೇಪಿನಿಂದ ಅಂಟಿಸಿದ. ಮೊದಲ ಸಲ ಇಂಜಿನ್ ಏಳಲಿಲ್ಲ. ಎರಡನೆಯ ಸಲವೂ ಇಲ್ಲ. ಮೇಸ್ತ್ರಿ ಟೇಪು ಕಿತ್ತು, ಚೂರನ್ನು ಕೂದಲೆಳೆಯಷ್ಟು ಸರಿಸಿ ಅಂಟಿಸಿದ. ಡ್ರೈವರಣ್ಣ ಕಣ್ಣುಮುಚ್ಚಿ ತಿರುಗಿಸಿದ. ಇಂಜಿನ್ ಕೆಮ್ಮಿತು, ನಡುಗಿತು, ಆಮೇಲೆ ಒಂದೇ ಸಮನೆ ಓಡತೊಡಗಿತು.

ಅವನು ಗೇರ್ ಹಾಕಿದ.

ಮನೆ ಮುಂದೆ ಹೆಂಡತಿ ಗೋಡೆ ಹಿಡಿದು ಎದ್ದಳು. ಅವನು ಓಡಿ ಬಂದು ತೋಳು ಕೊಟ್ಟ.

“ನಾನು ನಿಧಾನಕ್ಕೆ ಹತ್ತೋದು ಗೊತ್ತಲ್ಲ. ಇಂಜಿನ್ ಆರಿಸಬಾರದಾ? ಎಣ್ಣೆ ದಂಡ.”

“ಆರಿಸೋ ಧೈರ್ಯ ಇಲ್ಲ ಕಣೇ,” ಎಂದ. “ನೀನು ಮೊದಲು ಹತ್ತು.”